ನಾಸ್ಕಾರ್ ಓಟದ ಡಿಕ್ಕಿ, ನಿಯಮ, ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಲಟ್, ಅಟ್ಲಾಂಟಾ, ಡಲ್ಲಾಸ್ ಕಡೆ ನೆಲೆಸಿದ ಕನ್ನಡಿಗರಿಗೆ ಅಮೆರಿಕದ ಸ್ಟಾಕ್ ಕಾರ್ ಓಟವಾದ ನಾಸ್ಕಾರ್‌ನ ಟ್ರ್ಯಾಕ್ ಮನೆಯ ಹತ್ತಿರದ್ದೇ. ಇಲ್ಲಿ ಕರ್ನಾಟಕದಲ್ಲಿರುವವರಿಗೆ ಅದು ಫೋನಿಗೆ ಬಂದು ಬೀಳುವ ಡಿಕ್ಕಿಯ ತುಣುಕು. ಇಬ್ಬರೂ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲು ‘ಇವರು ಬದುಕಿ ಉಳಿಯುವುದು ಹೇಗೆ?’, ಒಂದು ಸೀಸನ್ ನೋಡಿದ ಮೇಲೆ ‘ಇದು ನ್ಯಾಯವೇ?’. ಸುಲಭದ ಪ್ರಶ್ನೆಗಳು ಮೊದಲು, ಜಗಳಕ್ಕೆ ಕಾರಣವಾಗುವವು ಕೊನೆಗೆ.

## ಹೊಸಬರಿಗೆ

ಸ್ಟಾಕ್ ಕಾರ್ ಅಂದ್ರೆ ಶೋರೂಮಿನಲ್ಲಿ ಸಿಗೋ ಕಾರೇ ತಾನೆ?

ಒಂದು ಕಾಲಕ್ಕೆ ಹೌದು. ನಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಮರುವರ್ಷ ಜೂನ್ 19ರಂದು ಶಾರ್ಲಟ್‌ನಲ್ಲಿ ನಡೆದ ಮೊದಲ ಓಟಕ್ಕೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರು ಬೇಕು ಎಂಬ ಷರತ್ತಿತ್ತು. ಮೊದಲು ಗೆರೆ ದಾಟಿದವರು ಗ್ಲೆನ್ ಡನ್‌ವೇ. ಓಟದ ನಂತರ ತಪಾಸಣೆ ಮಾಡಿದಾಗ ಹಿಂದಿನ ಸ್ಪ್ರಿಂಗ್‌ಗಳನ್ನು ಬದಲಿಸಿದ್ದು ಗೊತ್ತಾಯಿತು. ಕಳ್ಳಸಾರಾಯಿ ಸಾಗಿಸುವವರು ಭಾರಕ್ಕೆ ಕಾರು ಕುಸಿಯದಿರಲೆಂದು ಮಾಡಿಕೊಳ್ಳುತ್ತಿದ್ದ ಬದಲಾವಣೆ ಅದು. ಅವರನ್ನು ಅನರ್ಹಗೊಳಿಸಿ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ನಿಯಮದ ಜಗಳ ಈ ಕ್ರೀಡೆಗೆ ಮೊದಲ ದಿನದಿಂದಲೇ ಅಂಟಿಕೊಂಡಿದೆ.

ಇವತ್ತಿನ ಕಾರಿಗೂ ಶೋರೂಮಿನ ಕಾರಿಗೂ ಇರುವ ನಂಟು ಹೊರಗಿನ ರೂಪದ್ದು ಮಾತ್ರ. ಷೆವರ್ಲೆ ಕಮಾರೊ, ಫೋರ್ಡ್ ಮಸ್ಟಾಂಗ್, ಟೊಯೊಟಾ ಕ್ಯಾಮ್ರಿ ಎಂಬ ಹೆಸರಿನ ಒಳಗೆ ಇರುವುದು ಉಕ್ಕಿನ ಕೊಳವೆಗಳ ಪಂಜರ, ಕಾಂಪೋಸಿಟ್ ಮೈ, 358 ಘನ ಅಂಗುಲದ ವಿ8 ಎಂಜಿನ್. ಹೆಡ್‌ಲೈಟ್ ಬರೀ ಸ್ಟಿಕ್ಕರ್. ಬಾಗಿಲು ತೆರೆಯುವುದಿಲ್ಲ, ಚಾಲಕ ಕಿಟಕಿಯಿಂದಲೇ ಒಳಗಿಳಿಯಬೇಕು.

ಬರೀ ಎಡಕ್ಕೆ ತಿರುಗೋದ್ರಲ್ಲಿ ಅಪಾಯ ಏನಿದೆ?

ಓವಲ್ ಟ್ರ್ಯಾಕ್‌ನಲ್ಲಿ ತಪ್ಪು ಮಾಡಿದವನಿಗೆ ಜಾರಿಹೋಗಲು ಜಾಗವೇ ಇಲ್ಲ. ಬಲಗಡೆ ಉದ್ದಕ್ಕೂ ಗೋಡೆ. ಡೇಟೋನಾದ ತಿರುವು 31 ಡಿಗ್ರಿ ಓರೆ, ಟಲಡೇಗಾದ್ದು 33. ಅಂಥ ಓರೆಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆ ಹೋಗಬಹುದು, ಹಾಗಾಗಿ ವೇಗ ಇಳಿಯುವುದೇ ಇಲ್ಲ. ಜೊತೆಗೆ ತಲೆಯ ಎರಡೂ ಬದಿಗೆ ಆಸರೆ ಇರುವ ಸೀಟಿನಲ್ಲಿ ಕೂತವನಿಗೆ ಪಕ್ಕದ ಕಾರು ಸರಿಯಾಗಿ ಕಾಣದು. ಸ್ಟ್ಯಾಂಡಿನ ಮೇಲೆ ನಿಂತ ಸ್ಪಾಟರ್ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತಾನೆ: ಒಳಗೊಬ್ಬ ಇದ್ದಾನೆ, ಹೊರಗೊಬ್ಬ ಇದ್ದಾನೆ, ಈಗ ಖಾಲಿ. ಆ ಮಾತು ಅರ್ಧ ಸೆಕೆಂಡ್ ತಡವಾದರೂ ಡಿಕ್ಕಿ.

‘ಬಿಗ್ ಒನ್’ ಅಂತಾರಲ್ಲ, ಒಂದೇ ಏಟಿಗೆ ಇಪ್ಪತ್ತು ಕಾರು ಹೇಗೆ ಪುಡಿಯಾಗುತ್ತೆ?

ಡೇಟೋನಾ, ಟಲಡೇಗಾಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಿ ಶಕ್ತಿ ಇಳಿಸಿರುತ್ತಾರೆ. ಎಲ್ಲರ ಶಕ್ತಿಯೂ ಒಂದೇ ಮಟ್ಟಕ್ಕೆ ಬಂದ ಮೇಲೆ ಯಾರೂ ಒಬ್ಬರನ್ನು ಬಿಟ್ಟು ದೂರ ಓಡಲಾರರು. ಮುಂದಿನ ಕಾರು ಗಾಳಿಯನ್ನು ಸೀಳಿದ ಜಾಗದಲ್ಲಿ ಹಿಂದಿನದು ಸೇರಿಕೊಂಡರೆ ಇಬ್ಬರಿಗೂ ವೇಗ ಸಿಗುತ್ತದೆ. ಇದೇ ಡ್ರಾಫ್ಟಿಂಗ್. ಫಲವಾಗಿ ಮೂವತ್ತಕ್ಕೂ ಹೆಚ್ಚು ಕಾರು ಬಂಪರಿಗೆ ಬಂಪರ್ ತಾಗಿಸಿಕೊಂಡು, ಎರಡು ಮೂರು ಸಾಲಿನಲ್ಲಿ, ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತವೆ. ಆ ವೇಗದಲ್ಲಿ ಸೆಕೆಂಡಿಗೆ 83 ಮೀಟರ್ ಸಾಗುತ್ತದೆ, ಎದುರಿನ ಕಾರು ಇರುವುದು ಒಂದೆರಡು ಮೀಟರ್ ದೂರದಲ್ಲಿ. ಬ್ರೇಕ್ ಒತ್ತುವ ಯೋಚನೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

2024ರ ಅಕ್ಟೋಬರ್‌ನಲ್ಲಿ ಟಲಡೇಗಾದಲ್ಲಿ ಒಂದೇ ಡಿಕ್ಕಿಗೆ 28 ಕಾರು ಸಿಕ್ಕಿಕೊಂಡವು. ಮುಂಚೂಣಿಯಲ್ಲಿದ್ದ ಕಾರಿಗೆ ಹಿಂದಿನಿಂದ ಬಿದ್ದ ಒಂದು ತಳ್ಳು ಸಾಕಾಯಿತು. ಹಿಂದಿನ ಬಂಪರಿನ ನಡುಭಾಗಕ್ಕೆ ನೇರವಾಗಿ ತಳ್ಳಿದರೆ ಸಹಾಯ. ಅದೇ ತಳ್ಳು ಸ್ವಲ್ಪ ಮೂಲೆಗೆ ಸರಿದರೆ, ಅಥವಾ ಮುಂದಿನವನು ತಿರುವಿನಲ್ಲಿದ್ದಾಗ ಬಿದ್ದರೆ, ಅವನ ಕಾರು ತಿರುಗಿಬಿಡುತ್ತದೆ.

ಹಳದಿ ಬಾವುಟ ಬಂದ ಕೂಡಲೇ ಮುಂದಿದ್ದವನ ಲೀಡ್ ಮಾಯ. ಇದು ಅನ್ಯಾಯ ಅಲ್ವಾ?

ಹಳದಿ ಬಾವುಟ ಎಂದರೆ ಟ್ರ್ಯಾಕ್ ಮೇಲೆ ಅಪಾಯವಿದೆ, ನಿಧಾನಿಸಿ ಎಂಬ ಸೂಚನೆ. ಮುಂದಿದ್ದವನ ಮಟ್ಟಿಗೆ ನಷ್ಟವೇ. ಆದರೆ ಟ್ರ್ಯಾಕ್ ಮೇಲೆ ಆಂಬುಲೆನ್ಸ್, ಕಸ ಗುಡಿಸುವ ವಾಹನ ಇಳಿಯಬೇಕಾದರೆ ಕಾರುಗಳು ಒಂದೇ ಸಾಲಿನಲ್ಲಿ, ನಿಧಾನವಾಗಿ, ಒಂದು ಕಡೆ ಇರಬೇಕು. 2003ರವರೆಗೆ ಹಳದಿ ಬಂದರೂ ಚಾಲಕರು ಗೆರೆಯವರೆಗೆ ಜಿದ್ದಿಗೆ ಬಿದ್ದು ಓಡಬಹುದಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೆಟ್ಟು ನಿಂತಿದ್ದ ಡೇಲ್ ಜಾರೆಟ್ ಅವರ ಕಾರಿನತ್ತ ಉಳಿದವರು ಪೂರ್ಣ ವೇಗದಲ್ಲಿ ನುಗ್ಗಿಬಂದರು. ಆ ಪದ್ಧತಿ ಅಲ್ಲಿಗೆ ನಿಂತಿತು. ಈಗ ಹಳದಿ ಬಿದ್ದ ಕ್ಷಣದ ಸ್ಥಾನವೇ ಸ್ಥಾನ. ಲ್ಯಾಪ್ (ಟ್ರ್ಯಾಕಿನ ಪೂರ್ಣ ಸುತ್ತು) ಹಿಂದೆ ಬಿದ್ದವರ ಪೈಕಿ ಮೊದಲಿಗನಿಗೆ ಒಂದು ಲ್ಯಾಪ್ ಮರಳಿ ಸಿಗುತ್ತದೆ. ಹಿಂದೆ ಲ್ಯಾಪ್ ಗಳಿಸಲೆಂದೇ ಗೆರೆಗೆ ಓಡುತ್ತಿದ್ದರು. ಆ ಆಸೆಯನ್ನು ಅಪಾಯವಿಲ್ಲದೆ ಪೂರೈಸುವ ದಾರಿ ಇದು.

ಭಾರತದವರು ಯಾರಾದ್ರೂ ಓಡಿಸಿದ್ದಾರಾ?

ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. 2010ರಲ್ಲಿ ನಾಸ್ಕಾರ್‌ನ ಪಿಕಪ್ ಟ್ರಕ್ ಸರಣಿಯಲ್ಲಿ ಓಡಿದರು. ಮಾರ್ಟಿನ್ಸ್‌ವಿಲ್‌ನ ಮೊದಲ ಓಟದಲ್ಲೇ 13ನೇ ಸ್ಥಾನ, ವರ್ಷದ ಕೊನೆಗೆ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಪ್ರಶಸ್ತಿ.

## ಡಿಕ್ಕಿಯೂ ದೇಹವೂ

300 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿ ನಡ್ಕೊಂಡು ಬರ್ತಾರೆ. ಹೇಗೆ?

ವೇಗಕ್ಕಿಂತ ಕೋನ ಮುಖ್ಯ. ಗೋಡೆಗೆ 10 ಡಿಗ್ರಿ ಕೋನದಲ್ಲಿ ಉಜ್ಜಿದರೆ, 300 ಕಿ.ಮೀ. ವೇಗದಲ್ಲಿ ಗೋಡೆಯತ್ತ ನೇರವಾಗಿ ಹೋಗುವ ಪಾಲು ಸುಮಾರು 52 ಕಿ.ಮೀ. ಮಾತ್ರ, ಉಳಿದದ್ದು ಗೋಡೆಗುಂಟ ಜಾರುತ್ತಾ ಕರಗುತ್ತದೆ. ಅದೇ ಕೋನ 30 ಡಿಗ್ರಿಯಾದರೆ ಆ ಪಾಲು 150 ಕಿ.ಮೀ., ದೇಹ ತಡೆಯಬೇಕಾದ ಶಕ್ತಿ ಎಂಟು ಪಟ್ಟು. ಹತ್ತು ಪಲ್ಟಿ ಹೊಡೆದ ಕಾರಿನಿಂದ ಚಾಲಕ ಇಳಿದುಬರುತ್ತಾನೆ, ಏಕೆಂದರೆ ಪ್ರತಿ ಪಲ್ಟಿಯೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ತಿನ್ನುತ್ತದೆ. ನೋಡಲು ಏನೂ ಅಲ್ಲವೆನಿಸುವ, ಥಟ್ಟನೆ ನಿಲ್ಲುವ ಗುದ್ದೇ ಪ್ರಾಣಕ್ಕೆ ಎರವಾಗುವುದು. ತಡೆಗೋಡೆ, ಸೀಟು, ಬೆಲ್ಟು, ನುಗ್ಗಾಗುವ ಮೂತಿ ಎಲ್ಲವೂ ಮಾಡುವುದು ಒಂದೇ ಕೆಲಸ: ನಿಲ್ಲುವ ಹೊತ್ತನ್ನು ಸೆಕೆಂಡಿನ ಕೆಲವು ನೂರನೇ ಭಾಗದಷ್ಟಾದರೂ ಹಿಗ್ಗಿಸುವುದು.

ಡೇಲ್ ಅರ್ನ್‌ಹಾರ್ಟ್ ಸತ್ತ ಡಿಕ್ಕಿ ಅಷ್ಟೇನೂ ದೊಡ್ಡದು ಅನ್ಸಲ್ಲ. ಯಾಕೆ ಸತ್ತರು?

2001ರ ಫೆಬ್ರುವರಿ 18, ಡೇಟೋನಾ 500ರ ಕೊನೆಯ ಲ್ಯಾಪ್, ನಾಲ್ಕನೇ ತಿರುವು. ತನಿಖೆಯ ಪ್ರಕಾರ ವೇಗ ಗಂಟೆಗೆ ಸುಮಾರು 160 ಮೈಲಿ, ಗೋಡೆಗೆ ತಾಗಿದ ಕೋನ 13ರಿಂದ 14 ಡಿಗ್ರಿ. ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಹೆಲ್ಮೆಟ್ಟಿನ ಭಾರವನ್ನೂ ಹೊತ್ತ ತಲೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆ ಎಳೆತವೆಲ್ಲ ಕುತ್ತಿಗೆ ತಲೆಬುರುಡೆಗೆ ಸೇರುವ ಜಾಗದ ಮೇಲೆ ಬೀಳುತ್ತದೆ. ಬುರುಡೆಯ ತಳ ಸೀಳಿತು. ಅದಕ್ಕೂ ಮುಂಚಿನ ವರ್ಷ, 2000ದಲ್ಲಿ, ಆ್ಯಡಂ ಪೆಟ್ಟಿ, ಕೆನಿ ಅರ್ವಿನ್, ಟೋನಿ ರೋಪರ್ ಮೂವರೂ ಡಿಕ್ಕಿಗಳಲ್ಲಿ ತೀರಿಕೊಂಡಿದ್ದರು.

ಇದನ್ನು ತಡೆಯುವ ಸಾಧನ ಹೊಸದೇನಲ್ಲ ಎಂಬುದೇ ನೋವಿನ ಸಂಗತಿ. ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ 1980ರ ದಶಕದಲ್ಲೇ ಹ್ಯಾನ್ಸ್ ಎಂಬ ಕೊರಳಪಟ್ಟಿಯಂಥ ಸಾಧನ ರೂಪಿಸಿದ್ದರು. ಅದು ಭುಜದ ಮೇಲೆ ಬೆಲ್ಟಿನಡಿ ಕೂರುತ್ತದೆ, ಎರಡು ಪಟ್ಟಿಗಳು ಹೆಲ್ಮೆಟ್ಟಿಗೆ ಸಿಕ್ಕಿಕೊಂಡಿರುತ್ತವೆ. ಎದೆ ನಿಂತಾಗ ತಲೆಯೂ ನಿಲ್ಲುತ್ತದೆ. ತಿರುಗಾಡಲು ತೊಡಕು, ಹೊರಬರುವುದು ಕಷ್ಟ ಎಂದು ಚಾಲಕರು ಅದನ್ನು ದೂರ ಇಟ್ಟಿದ್ದರು. ನಾಸ್ಕಾರ್ ತಲೆ-ಕುತ್ತಿಗೆಯ ರಕ್ಷಣೆಯನ್ನು ಕಡ್ಡಾಯ ಮಾಡಿದ್ದು 2001ರ ಅಕ್ಟೋಬರ್‌ನಲ್ಲಿ. ಆ ನಂತರ ನಾಸ್ಕಾರ್‌ನ ಮೊದಲ ದರ್ಜೆಯಾದ ಕಪ್ ಸರಣಿಯ ಓಟದಲ್ಲಿ ಯಾವ ಚಾಲಕರೂ ಪ್ರಾಣ ಕಳೆದುಕೊಂಡಿಲ್ಲ.

ಈಗಿನ ಗೋಡೆ ಮೆತ್ತಗಿದೆಯಂತೆ, ನಿಜವಾ?

ಮೆತ್ತಗೆ ಅನ್ನುವುದಕ್ಕಿಂತ ಬಾಗುವ ಗೋಡೆ ಅನ್ನುವುದು ಸರಿ. ಕಾಂಕ್ರೀಟ್ ಗೋಡೆಯ ಮುಂದೆ ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ಬೆಸೆದು ನಿಲ್ಲಿಸುತ್ತಾರೆ, ಅದಕ್ಕೂ ಕಾಂಕ್ರೀಟಿಗೂ ನಡುವೆ ಗಟ್ಟಿ ಫೋಮ್ ತುಂಡುಗಳು. ಕಾರು ಬಡಿದಾಗ ಉಕ್ಕು ಹಿಂದೆ ಸರಿಯುತ್ತದೆ, ಫೋಮ್ ನುಗ್ಗಾಗುತ್ತದೆ. ಉಕ್ಕಿನ ಮುಖ ನುಣುಪಾಗಿರುವುದರಿಂದ ಕಾರು ಅದರಲ್ಲಿ ಹೂತುಕೊಳ್ಳದೆ ಜಾರುತ್ತದೆ. ಬರೀ ಫೋಮ್ ಅಥವಾ ಟೈರ್ ರಾಶಿಯಾದರೆ ಕಾರು ಸಿಕ್ಕಿಹಾಕಿಕೊಂಡು ಥಟ್ಟನೆ ನಿಂತುಬಿಡುತ್ತದೆ. ಸೇಫರ್ ಎಂಬ ಈ ಗೋಡೆಯನ್ನು ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಅವರ ತಂಡ ರೂಪಿಸಿತು. 2002ರಲ್ಲಿ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ನಿಂತಿತು.

ಎಲ್ಲೆಡೆ ಹಾಕಲು ಮಾತ್ರ ತಡಮಾಡಿದರು. 2015ರ ಫೆಬ್ರುವರಿಯಲ್ಲಿ ಡೇಟೋನಾದ ಎರಡನೇ ದರ್ಜೆಯ ಓಟದಲ್ಲಿ ಕೈಲ್ ಬುಷ್ ಒಳಗಿನ ಬರಿಯ ಕಾಂಕ್ರೀಟಿಗೆ ನೇರ ಬಡಿದು ಬಲಗಾಲು, ಎಡಪಾದ ಮುರಿದುಕೊಂಡರು. ‘ಅಲ್ಲಿಗೆ ಯಾರು ಹೋಗಿ ಗುದ್ದುತ್ತಾರೆ’ ಎಂಬ ಲೆಕ್ಕಾಚಾರ ತಪ್ಪಿದ್ದು ಹಾಗೆ. 11 ಓಟ ತಪ್ಪಿಸಿಕೊಂಡ ಅವರು ಅದೇ ವರ್ಷ ಚಾಂಪಿಯನ್ ಆದರು.

ಕಾರು ತರಗೆಲೆ ಹಾಗೆ ಮೇಲೇಳುತ್ತಲ್ಲ, ಅದು ಯಾಕೆ?

ಮುಂದಕ್ಕೆ ಹೋಗುವಾಗ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಅದೇ ಕಾರು ಅಡ್ಡ ಅಥವಾ ಹಿಂದುಮುಂದಾದಾಗ ಅದರ ಮೈ ವಿಮಾನದ ರೆಕ್ಕೆಯಂತಾಗುತ್ತದೆ. 1987ರ ಮೇ ತಿಂಗಳಲ್ಲಿ ಟಲಡೇಗಾದಲ್ಲಿ ಬಾಬಿ ಆಲಿಸನ್ ಅವರ ಕಾರು ಹಾಗೆ ಎದ್ದು ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ಅದೇ ಓಟಕ್ಕೆ ಬಿಲ್ ಎಲಿಯಟ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ 212.809 ಮೈಲಿ ಓಡಿಸಿದ್ದರು. 1988ರಿಂದ ಎಂಜಿನ್ನಿನ ಗಾಳಿ ಕಟ್ಟುವ ತೂತಿನ ತಗಡು ಕಡ್ಡಾಯವಾಯಿತು, ಆ ದಾಖಲೆ ಹಾಗೇ ಉಳಿಯಿತು. 2019ರಲ್ಲಿ ತಗಡಿನ ಬದಲು ಅದೇ ಕೆಲಸಕ್ಕೆ ಕಿರಿದಾಗುತ್ತ ಹೋಗುವ ರಂಧ್ರದ ಸ್ಪೇಸರ್ ಬಂತು.

1994ರಲ್ಲಿ ಛಾವಣಿಗೆ ಎರಡು ರೆಕ್ಕೆಪಟ್ಟಿಗಳು ಬಂದವು. ಕಾರು ಹಿಂದುಮುಂದಾದಾಗ ಛಾವಣಿಯ ಮೇಲೆ ಒತ್ತಡ ಇಳಿಯುತ್ತದೆ, ಆ ಎಳೆತಕ್ಕೆ ಪಟ್ಟಿಗಳು ತಾವಾಗಿ ಎದ್ದು ನಿಂತು ಗಾಳಿಯ ಹರಿವನ್ನು ಮುರಿಯುತ್ತವೆ. ಇನ್ನೊಂದು ಕಾರು ಅಡಿಯಿಂದ ಎತ್ತಿದರೆ, ಚಕ್ರ ಹುಲ್ಲಿಗೆ ಹೂತರೆ ಮಾತ್ರ ಅವು ಏನೂ ಮಾಡಲಾರವು. 2023ರ ಆಗಸ್ಟ್‌ನಲ್ಲಿ ಡೇಟೋನಾದಲ್ಲಿ ರಯಾನ್ ಪ್ರೀಸ್ ಅವರ ಕಾರು ಹುಲ್ಲು ತಲುಪಿದ ಮೇಲೆ ಸುಮಾರು ಹತ್ತು ಪಲ್ಟಿ ಹೊಡೆಯಿತು. ಆಮೇಲೆ ಆ ಭಾಗದ ಹುಲ್ಲು ತೆಗೆದು ಡಾಂಬರು ಹಾಕಿದರು.

ಹೊಸ ಕಾರು ತುಂಬಾ ಗಟ್ಟಿ ಅಂತಾರೆ. ಗಟ್ಟಿ ಇದ್ರೆ ಒಳ್ಳೇದೇ ತಾನೆ?

ಅಲ್ಲ. ಕಾರು ನುಗ್ಗಾಗದಿದ್ದರೆ ಆ ಏಟು ಮನುಷ್ಯನಿಗೆ ಹೋಗುತ್ತದೆ. 2022ರಲ್ಲಿ ಬಂದ ನೆಕ್ಸ್ಟ್ ಜೆನ್ ಕಾರಿನ ಹಿಂಭಾಗ ಅತಿಯಾಗಿ ಬಿರುಸಾಗಿತ್ತು. ನೋಡಲು ಸಣ್ಣದೆನಿಸುವ ಹಿಮ್ಮುಖ ಗುದ್ದುಗಳಲ್ಲೇ ಚಾಲಕರ ಮೆದುಳಿಗೆ ಪೆಟ್ಟಾಯಿತು: ಜುಲೈಯಲ್ಲಿ ಪೊಕೊನೊದಲ್ಲಿ ಕರ್ಟ್ ಬುಷ್, ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಅಲೆಕ್ಸ್ ಬೋಮನ್. ಕರ್ಟ್ ಬುಷ್ ಪೂರ್ಣಾವಧಿ ಓಟಕ್ಕೆ ಮರಳಲೇ ಇಲ್ಲ. 2023ಕ್ಕೆ ಹಿಂದಿನ ಪಂಜರವನ್ನು ಸುಲಭವಾಗಿ ಕುಸಿಯುವಂತೆ ತಿದ್ದಿದರು. ಚಾಲಕರು ತಿಂಗಳುಗಟ್ಟಲೆ ದೂರಿದ ಮೇಲೆ ಆದ ಕೆಲಸ ಇದು. ಮೊದಲ ದೂರಿಗೇ ಕಿವಿಗೊಡಬೇಕಿತ್ತು.

ಬೆಂಕಿ ಹತ್ತಿಕೊಂಡರೆ?

1964ರಲ್ಲಿ ಶಾರ್ಲಟ್‌ನಲ್ಲಿ ಬೆಂಕಿಗೆ ಸಿಕ್ಕ ಫೈರ್‌ಬಾಲ್ ರಾಬರ್ಟ್ಸ್ ಕೆಲವು ವಾರ ನರಳಿ ತೀರಿಕೊಂಡರು. ಆಮೇಲೆ ಬಂದದ್ದು ಒಳಗೆ ರಬ್ಬರ್ ಚೀಲ, ಚೀಲದೊಳಗೆ ಸ್ಪಂಜಿನಂಥ ಫೋಮ್ ಇರುವ ಇಂಧನ ಟ್ಯಾಂಕು. ಹೊರಗಿನ ಡಬ್ಬ ಜಜ್ಜಿಹೋದರೂ ಪೆಟ್ರೋಲು ಒಮ್ಮೆಲೇ ಚೆಲ್ಲುವುದಿಲ್ಲ.

## ನಿಯಮದ ಸೂಕ್ಷ್ಮಗಳು

ಗುದ್ದಿದ ಕಾರನ್ನು ರಿಪೇರಿ ಮಾಡ್ಕೊಂಡು ಮತ್ತೆ ಓಡಿಸಬಹುದಾ?

ಕಾಲಕ್ಕೊಂದು ನಿಯಮ. 2017ರಲ್ಲಿ ಐದು ನಿಮಿಷದ ಗಡಿಯಾರ ತಂದರು: ಪಿಟ್ ರೋಡ್‌ನಲ್ಲಿ (ಟೈರು, ಪೆಟ್ರೋಲಿಗೆ ಕಾರು ನಿಲ್ಲುವ ಪಕ್ಕದ ದಾರಿ) ಅಷ್ಟರೊಳಗೆ ಸರಿಯಾಗಬೇಕು, ಗ್ಯಾರೇಜಿಗೆ ಹೋದರೆ ಓಟ ಮುಗಿಯಿತು. ಮುರುಕಲು ಕಾರು ಟ್ರ್ಯಾಕ್ ತುಂಬ ಚೂರು ಚೆಲ್ಲುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ನೆಕ್ಸ್ಟ್ ಜೆನ್ ಕಾರಿನ ಟೈರಿನೊಳಗೆ, ಗಾಳಿ ಹೋದಾಗ ಆಸರೆಯಾಗುತ್ತಿದ್ದ ಒಳ ಟೈರು (ಇನ್ನರ್ ಲೈನರ್) ಇಲ್ಲ, ನೆಲಕ್ಕೂ ತಳಕ್ಕೂ ಅಂತರ ತೀರ ಕಡಿಮೆ. ನಾಲ್ಕು ಟೈರಿನ ಗಾಳಿ ಹೋದರೆ ಬೇರೇನೂ ಹಾಳಾಗದ ಕಾರೂ ತಳ ಊರಿ ಕೂತುಬಿಡುತ್ತದೆ. ಎಳೆದುಕೊಂಡು ಹೋಗಬೇಕಾಯಿತು ಎಂಬ ಒಂದೇ ಕಾರಣಕ್ಕೆ 2024ರಲ್ಲಿ ಅಂಥವರನ್ನು ಹೊರಗಿಟ್ಟದ್ದು ದೊಡ್ಡ ಜಗಳವಾಯಿತು. 2025ರಿಂದ ಗ್ಯಾರೇಜಿನಲ್ಲಿ ದುರಸ್ತಿ ಮಾಡಿ ಮರಳಲು ಅವಕಾಶ ಸಿಕ್ಕಿದೆ. ಮರಳಿದ ಮೇಲೆ ಕನಿಷ್ಠ ವೇಗ ಮುಟ್ಟಲೇಬೇಕು.

ಪಿಟ್ ರೋಡ್‌ನಲ್ಲಿ ಇಷ್ಟೊಂದು ಜನ ಸ್ಪೀಡಿಂಗ್‌ಗೆ ಸಿಕ್ಕಿಬೀಳೋದು ಯಾಕೆ? ಸ್ಪೀಡೋಮೀಟರ್ ನೋಡ್ಕೊಂಡು ಹೋಗಬಾರದಾ?

ಸ್ಪೀಡೋಮೀಟರೇ ಇಲ್ಲ. ಎಂಜಿನ್ನಿನ ಸುತ್ತುಗಳನ್ನು ಗೇರಿನ ಲೆಕ್ಕಕ್ಕೆ ಹೊಂದಿಸಿ, ಡ್ಯಾಶ್‌ಬೋರ್ಡಿನ ದೀಪ ನೋಡಿ ಓಡಿಸಬೇಕು. ಪಿಟ್ ರೋಡನ್ನು ನೆಲದಡಿಯ ತಂತಿಗಳಿಂದ ಹಲವು ಭಾಗ ಮಾಡಿರುತ್ತಾರೆ. ಅಳೆಯುವುದು ಪ್ರತಿ ಭಾಗದ ಸರಾಸರಿ ವೇಗ, ಮಿತಿಗಿಂತ 5 ಮೈಲಿಯೊಳಗಿನ ಹೆಚ್ಚಳಕ್ಕೆ ಮಾಫಿ. ಎಲ್ಲರೂ ಆ ಮಾಫಿಯ ಅಂಚಿನಲ್ಲೇ ಹೋಗುವುದರಿಂದ ಕೂದಲೆಳೆಯ ತಪ್ಪಿಗೂ ದಂಡ. ಇನ್ನೊಂದು ಸೂಕ್ಷ್ಮ: ನಿಲ್ಲುವ ಜಾಗ ಯಾವ ಭಾಗದಲ್ಲಿದೆಯೋ ಅಲ್ಲಿ ನಿಂತ ಸಮಯವೂ ಸರಾಸರಿಗೆ ಸೇರುತ್ತದೆ, ಆದ್ದರಿಂದ ಆ ಭಾಗದಲ್ಲಿ ಹೆಚ್ಚು ವೇಗ ತೆಗೆಯಬಹುದು. ತಂತಿಯ ಆಚೀಚೆ ಎಲ್ಲಿ ಜಾಗ ಸಿಕ್ಕಿತು ಎಂಬುದಕ್ಕೆ ತಂಡಗಳು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

300 ಲ್ಯಾಪ್ ಅಂತ ಹೇಳಿ 331 ಓಡಿಸಿದ್ರು. ಇದೇನು?

ಓವರ್‌ಟೈಮ್. ಕೊನೆಯ ಹೊತ್ತಿಗೆ ಹಳದಿ ಬಂದರೆ ಓಟ ಹಳದಿಯಲ್ಲೇ ಮುಗಿಯದಂತೆ ಎರಡು ಲ್ಯಾಪ್ ಹೆಚ್ಚು ಓಡಿಸುತ್ತಾರೆ. ಮುಂದಿರುವವನು ಕೊನೆಯ ಲ್ಯಾಪ್ ಸಾರುವ ಬಿಳಿ ಬಾವುಟ ಪಡೆಯುವ ಮೊದಲೇ ಮತ್ತೆ ಡಿಕ್ಕಿಯಾದರೆ ಇನ್ನೊಂದು ಯತ್ನ, ಎಷ್ಟು ಸಲವಾದರೂ. ನೀವು ಹೇಳುವುದು 2024ರ ಜೂನ್‌ನ ನ್ಯಾಶ್‌ವಿಲ್ ಓಟ, ಐದು ಓವರ್‌ಟೈಮ್. ಮುಂದಿದ್ದ ಹಲವರ ಪೆಟ್ರೋಲು ಮುಗಿಯಿತು, ಉಳಿಸಿಕೊಂಡಿದ್ದ ಜೋಯಿ ಲೊಗಾನೊ ಗೆದ್ದರು. ಪ್ರೇಕ್ಷಕರಿಗೆ ಒಳ್ಳೆಯದು. ಆದರೆ ಪ್ರತಿ ಯತ್ನದಲ್ಲೂ ಸೋಲಲು ಒಪ್ಪದ ಚಾಲಕರು ಒತ್ತಾಗಿ ಶುರುಮಾಡುವುದರಿಂದ ಮತ್ತೊಂದು ಡಿಕ್ಕಿಯನ್ನು ಕರೆದಂತೆಯೇ. ಮಿತಿ ಇದ್ದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಗೋಡೆಗೆ ಒರಗಿಕೊಂಡು ಐದು ಕಾರು ದಾಟಿದ ಆ ಸಾಹಸ ಈಗ ಮಾಡಬಹುದಾ?

ಇಲ್ಲ. 2022ರ ಅಕ್ಟೋಬರ್ 30ರಂದು ಮಾರ್ಟಿನ್ಸ್‌ವಿಲ್‌ನ ಕೊನೆಯ ತಿರುವಿನಲ್ಲಿ ರಾಸ್ ಚಾಸ್ಟೇನ್ ಬ್ರೇಕ್ ಒತ್ತದೆ, ಕಾರನ್ನು ಗೋಡೆಗೆ ಆತುಕೊಂಡು ಪೂರ್ತಿ ವೇಗದಲ್ಲಿ ಓಡಿಸಿ 10ರಿಂದ 5ನೇ ಸ್ಥಾನಕ್ಕೆ ಬಂದು ಚಾಂಪಿಯನ್‌ಶಿಪ್ ಸುತ್ತು ಸೇರಿದರು. ಆಗ ಅದನ್ನು ತಡೆಯುವ ನಿಯಮ ಬಳಸದಿದ್ದುದರಿಂದ ಫಲಿತಾಂಶ ಉಳಿಯಿತು. ಮುಂದೆ ಸುರಕ್ಷತೆಯ ನಿಯಮದಡಿ ಶಿಕ್ಷೆ ಖಚಿತ ಎಂದು 2023ರ ಸೀಸನ್‌ಗೆ ಮೊದಲೇ ತಿಳಿಸಿದರು. ಹಳೆಯ ಓಟಕ್ಕೆ ಹೊಸ ಶಿಕ್ಷೆ ಹಾಕದೆ, ಮುಂದಿನದಕ್ಕೆ ಮೊದಲೇ ಹೇಳಿದ್ದು ನ್ಯಾಯವಾದ ಕ್ರಮ.

## ನ್ಯಾಯದ ಪ್ರಶ್ನೆ

ಹಿಂದಿನಿಂದ ಗುದ್ದಿ ಗೆಲ್ಲೋದು ತಪ್ಪಲ್ವಾ?

ಬಂಪರಿಗೆ ಮೆಲ್ಲಗೆ ತಾಗಿಸಿ, ಮುಂದಿನವನು ಸ್ವಲ್ಪ ಮೇಲೆ ಜಾರಿದಾಗ ಕೆಳಗಿನಿಂದ ದಾಟುವುದು ಸಣ್ಣ ಟ್ರ್ಯಾಕ್‌ಗಳಲ್ಲಿ ಹಳೆಯ ರೂಢಿ. ಅವನು ಒಂದು ಸ್ಥಾನ ಕಳೆದುಕೊಳ್ಳುತ್ತಾನೆ, ಕಾರು ಕಳೆದುಕೊಳ್ಳುವುದಿಲ್ಲ. ಹಿಂದಿನ ಬಲ ಮೂಲೆಗೆ ಕೊಕ್ಕೆ ಹಾಕಿ ತಿರುಗಿಸುವುದು ಬೇರೆಯೇ ಮಾತು. ಬಲ ಮೂಲೆಯನ್ನು ಎಡಕ್ಕೆ ತಳ್ಳಿದರೆ ಕಾರಿನ ಮೂತಿ ಬಲಕ್ಕೆ, ಅಂದರೆ ಗೋಡೆಯತ್ತ, ಕಡಿದಾದ ಕೋನದಲ್ಲಿ ತಿರುಗುತ್ತದೆ. ಮೇಲೆ ಹೇಳಿದ 10 ಡಿಗ್ರಿ, 30 ಡಿಗ್ರಿಯ ಲೆಕ್ಕ ನೆನಪಿಸಿಕೊಳ್ಳಿ.

2024ರ ಆಗಸ್ಟ್‌ನಲ್ಲಿ ರಿಚ್ಮಂಡ್‌ನ ಕೊನೆಯ ಲ್ಯಾಪ್‌ನಲ್ಲಿ ಆಸ್ಟಿನ್ ಡಿಲನ್ ಮೊದಲು ಲೊಗಾನೊ ಅವರನ್ನು ಗುದ್ದಿ ತಿರುಗಿಸಿದರು, ಆಮೇಲೆ ಡೆನಿ ಹ್ಯಾಮ್ಲಿನ್ ಅವರ ಬಲ ಮೂಲೆಗೆ ಹೊಡೆದು ಗೆದ್ದರು. ಅಂಕಪಟ್ಟಿಯಲ್ಲಿ 32ನೆಯವರಾಗಿದ್ದ ಅವರಿಗೆ ಆಗಿನ ಪದ್ಧತಿಯಲ್ಲಿ ಆ ಒಂದು ಗೆಲುವೇ ಪ್ಲೇಆಫ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತದ ಓಟಗಳು) ಪ್ರವೇಶ. ನಾಸ್ಕಾರ್ ಗೆಲುವನ್ನು ಹಾಗೇ ಉಳಿಸಿ ಪ್ರವೇಶವನ್ನು ಕಿತ್ತುಕೊಂಡಿತು, 25 ಅಂಕ ಕಡಿಯಿತು. ಬಹುಮಾನ ಎಷ್ಟು ದೊಡ್ಡದೋ ಗುದ್ದು ಅಷ್ಟು ದೊಡ್ಡದು. ಅದಕ್ಕೇ ಆ ಬಹುಮಾನವನ್ನು ತೆಗೆದದ್ದು ಸರಿಯಾದ ಜಾಗಕ್ಕೇ ತಾಗಿತು.

ಒಬ್ಬನಿಗೆ ಸಸ್ಪೆನ್ಷನ್, ಇನ್ನೊಬ್ಬನಿಗೆ ಬರೀ ದಂಡ. ಮುಖ ನೋಡಿ ಮಣೆ ಹಾಕ್ತಾರಾ?

ದಾಖಲೆ ನೋಡಿ. 2015ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಲೊಗಾನೊ ಅವರನ್ನು ಗೋಡೆಗೆ ಒಯ್ದ ಮ್ಯಾಟ್ ಕೆನ್ಸೆತ್‌ಗೆ ಎರಡು ಓಟ ನಿಷೇಧ. 2022ರಲ್ಲಿ ಲಾಸ್ ವೇಗಸ್‌ನಲ್ಲಿ ಕೈಲ್ ಲಾರ್ಸನ್‌ಗೆ ಗುದ್ದಿದ ಬಬ್ಬಾ ವಾಲೇಸ್‌ಗೆ ಒಂದು. 2023ರಲ್ಲಿ ಶಾರ್ಲಟ್‌ನಲ್ಲಿ ಹ್ಯಾಮ್ಲಿನ್‌ಗೆ ಗುದ್ದಿದ ಚೇಸ್ ಎಲಿಯಟ್‌ಗೆ ಒಂದು. ಎಲಿಯಟ್ ಅತ್ಯಂತ ಜನಪ್ರಿಯ ಚಾಲಕ, ಆದರೂ ಬಿಡಲಿಲ್ಲ. 2025ರಲ್ಲಿ ಆಸ್ಟಿನ್‌ನ ರೋಡ್ ಕೋರ್ಸ್‌ನಲ್ಲಿ (ಓವಲ್ ಅಲ್ಲದ, ಎಡ-ಬಲ ಎರಡೂ ಕಡೆ ತಿರುಗುವ ಟ್ರ್ಯಾಕ್) ಟೈ ಡಿಲನ್‌ಗೆ ಬಲ ಮೂಲೆಯಲ್ಲೇ ಹೊಡೆದ ಆಸ್ಟಿನ್ ಸಿಂಡ್ರಿಕ್‌ಗೆ 50 ಅಂಕ, 50,000 ಡಾಲರ್ ದಂಡ, ನಿಷೇಧ ಇಲ್ಲ. ವೇಗ ಕಡಿಮೆ ಇತ್ತು, ಹಳದಿ ಬಾವುಟವೂ ಬೇಕಾಗಲಿಲ್ಲ ಎಂಬುದು ಸಮರ್ಥನೆ. ಪರಿಣಾಮ ನೋಡಿ ಶಿಕ್ಷೆ ಕೊಡುವ ಈ ವಾದ ನಮಗೆ ಒಪ್ಪಿಗೆಯಿಲ್ಲ. ಕೈ ಮಾಡಿದ್ದು ಅದೇ ಕೆಲಸ. ಗೋಡೆ ದೂರವಿದ್ದದ್ದು ಅದೃಷ್ಟ.

ಕಾರಿನಲ್ಲಿ ಮೋಸ ಮಾಡಿದ್ದು ಹೇಗೆ ಗೊತ್ತಾಗುತ್ತೆ?

ಓಟಕ್ಕೆ ಮೊದಲು ಕ್ಯಾಮೆರಾ ಮತ್ತು ಪ್ರೊಜೆಕ್ಟರ್‌ಗಳ ಕೊಠಡಿಯಲ್ಲಿ ಕಾರಿನ ಮೈಯನ್ನು ಸ್ಕ್ಯಾನ್ ಮಾಡಿ ಮೂಲ ನಕ್ಷೆಯ ಜೊತೆ ಹೋಲಿಸುತ್ತಾರೆ. ತೂಕ, ಎತ್ತರ, ಚಕ್ರದ ಓರೆ ಬೇರೆಯಾಗಿ ಅಳೆಯುತ್ತಾರೆ. ಎರಡು ಸಲ ನಪಾಸಾದರೆ ತಂಡದ ಒಬ್ಬರು ಹೊರಗೆ, ಪಿಟ್ ಜಾಗ ಆರಿಸುವ ಹಕ್ಕೂ ಹೋಗುತ್ತದೆ. ಓಟದ ನಂತರ ಗೆದ್ದ ಕಾರನ್ನು ಬಿಚ್ಚಿ ನೋಡುತ್ತಾರೆ. 2022ರ ಜುಲೈಯಲ್ಲಿ ಪೊಕೊನೊದಲ್ಲಿ ಮೊದಲಿಗ ಹ್ಯಾಮ್ಲಿನ್, ಎರಡನೆಯವರಾದ ಕೈಲ್ ಬುಷ್ ಇಬ್ಬರೂ ಅನರ್ಹರಾದರು. ಮೂತಿಯ ಮೇಲಿನ ಸ್ಟಿಕ್ಕರಿನಡಿ ಇರಬಾರದ ಪದರ ಸಿಕ್ಕಿತ್ತು. ಒಂದು ಸ್ಟಿಕ್ಕರಿನಷ್ಟು ದಪ್ಪವೂ ಗಾಳಿಯ ಹರಿವನ್ನು ಬದಲಿಸಬಲ್ಲದು. ಕಪ್ ಗೆಲುವೊಂದು ಹಾಗೆ ಕೈತಪ್ಪಿದ್ದು 1960ರ ನಂತರ ಅದೇ ಮೊದಲು.

ಎಲ್ಲ ತಂಡಗಳಿಗೂ ಒಂದೇ ಕಡೆ ತಯಾರಾಗುವ ಭಾಗಗಳನ್ನು ತಿದ್ದಿದರೆ ಶಿಕ್ಷೆ ಇನ್ನೂ ಕಠಿಣ. 2022ರಲ್ಲಿ ಬ್ರಾಡ್ ಕೆಸಲೌಸ್ಕಿ 100 ಅಂಕ ಕಳೆದುಕೊಂಡರು, ಕ್ರೂ ಚೀಫ್‌ಗೆ (ಆ ಕಾರಿನ ತಂಡದ ಮುಖ್ಯಸ್ಥ) 1,00,000 ಡಾಲರ್ ದಂಡ ಬಿತ್ತು, ಜೊತೆಗೆ ನಾಲ್ಕು ಓಟ ನಿಷೇಧ.

ತಂಡದವರೆಲ್ಲ ಸೇರಿ ಫಲಿತಾಂಶವನ್ನೇ ಬದಲಾಯಿಸಿದ್ರೆ?

ಇದೇ ಅತ್ಯಂತ ಗಂಭೀರ ಅಪರಾಧ. 2013ರ ಸೆಪ್ಟೆಂಬರ್‌ನಲ್ಲಿ ರಿಚ್ಮಂಡ್‌ನಲ್ಲಿ ಕ್ಲಿಂಟ್ ಬೋಯರ್ ಅವರ ಕಾರು ಅನುಮಾನಾಸ್ಪದವಾಗಿ ತಿರುಗಿತು, ಅದರ ಲಾಭ ಅದೇ ತಂಡದ ಮಾರ್ಟಿನ್ ಟ್ರೂಎಕ್ಸ್‌ಗೆ ಸಿಕ್ಕಿತು. ಮೈಕಲ್ ವಾಲ್‌ಟ್ರಿಪ್ ರೇಸಿಂಗ್‌ಗೆ 3,00,000 ಡಾಲರ್ ದಂಡ. ಪ್ಲೇಆಫ್‌ನಿಂದ ಟ್ರೂಎಕ್ಸ್ ಹೊರಗೆ, ರಯಾನ್ ನ್ಯೂಮನ್ ಒಳಗೆ, ಜೆಫ್ ಗೋರ್ಡನ್‌ಗೆ 13ನೆಯದಾಗಿ ಹೆಚ್ಚುವರಿ ಸ್ಥಾನ. ಪ್ರತಿ ಚಾಲಕನೂ ನೂರಕ್ಕೆ ನೂರು ಶ್ರಮ ಹಾಕಬೇಕು ಎಂಬ ನಿಯಮ ಹುಟ್ಟಿದ್ದು ಆಗ. ಆದರೂ 2024ರ ನವೆಂಬರ್‌ನಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಇಬ್ಬರು ಚಾಲಕರು ಬೇರೆಯವರು ದಾಟದಂತೆ ವಿಲಿಯಂ ಬೈರನ್ ಹಿಂದೆ ಗೋಡೆಯಂತೆ ನಿಂತರು, ಇನ್ನೊಬ್ಬರು ಕ್ರಿಸ್ಟೊಫರ್ ಬೆಲ್‌ಗೆ ಅನುಕೂಲವಾಗುವಂತೆ ನಿಧಾನಿಸಿದರು. ಮೂರು ತಂಡ, ಮೂವರು ಚಾಲಕರಿಗೆ ಒಟ್ಟು 6,00,000 ಡಾಲರ್ ದಂಡ. ಕ್ರೂ ಚೀಫ್, ಸ್ಪಾಟರ್‌ಗಳಿಗೂ ನಿಷೇಧ ಬಿತ್ತು. ರೇಡಿಯೋದಲ್ಲಿ ಸೂಚನೆ ಕೊಟ್ಟವರನ್ನು ಬಿಟ್ಟು ಚಾಲಕನನ್ನಷ್ಟೇ ಹಿಡಿದರೆ ಉಪಯೋಗವಿಲ್ಲ.

ಕೊನೆ ಲ್ಯಾಪ್‌ನಲ್ಲಿ ಒಂದ್ಸಲ ಹಳದಿ ಹಾಕ್ತಾರೆ, ಇನ್ನೊಂದ್ಸಲ ಹಾಕಲ್ಲ. ಯಾವ ಲೆಕ್ಕ?

ಈ ದೂರು ನಿಜವಾದದ್ದು. 2025ರ ಡೇಟೋನಾ 500ರ ಕೊನೆಯ ಲ್ಯಾಪ್‌ನಲ್ಲಿ ಮುಂಚೂಣಿಯ ಕಾರುಗಳು ಡಿಕ್ಕಿಯಾದರೂ ಹಸಿರಿನಲ್ಲೇ ಬಿಟ್ಟರು, ಒಂಬತ್ತನೆಯವರಾಗಿದ್ದ ಬೈರನ್ ಗೆರೆ ದಾಟಿ ಗೆದ್ದರು. ಮುಂದಿನ ವಾರ ಅಟ್ಲಾಂಟಾದಲ್ಲಿ ಅಂಥದೇ ಹೊತ್ತಿನಲ್ಲಿ ಹಳದಿ ಹಾಕಿ, ಆ ಕ್ಷಣ ಮುಂದಿದ್ದ ಬೆಲ್ ಗೆದ್ದರು ಎಂದರು. ಗೋಡೆಗೆ ಎಷ್ಟು ಜೋರಾಗಿ ಬಡಿದರು, ಉಳಿದವರು ಮತ್ತೆ ಆ ಜಾಗಕ್ಕೆ ಬರಬೇಕೋ, ಕಾರು ತಾನಾಗಿ ಹೊರಟಿತೋ, ಇಷ್ಟನ್ನು ಟವರಿನಲ್ಲಿ ಕೂತವರು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಂಪೈರ್ ವಿವೇಚನೆ ಬೇಡವೆನ್ನುವಂತಿಲ್ಲ. ಆದರೆ ಈ ಮಾನದಂಡಗಳನ್ನು ಓಟಕ್ಕೆ ಮೊದಲೇ ಬರೆದು ಪ್ರಕಟಿಸಿದರೆ, ಗಾಯಗೊಂಡವನತ್ತ ಆಂಬುಲೆನ್ಸ್ ಹೊರಡುವುದು ಯಾರು ಗೆಲ್ಲುತ್ತಿದ್ದಾರೆ ಎಂಬುದಕ್ಕೆ ಕಾಯಬೇಕಾಗುವುದಿಲ್ಲ.

ಶಿಕ್ಷೆಯ ವಿರುದ್ಧ ಅಪೀಲು ಹೋದ್ರೆ ಏನಾದ್ರೂ ಪ್ರಯೋಜನ ಇದೆಯಾ?

ಮೂವರು ಸದಸ್ಯರ ಮೇಲ್ಮನವಿ ಸಮಿತಿ ಇದೆ, ಅದರ ಮೇಲೆ ಅಂತಿಮ ಅಧಿಕಾರಿ. 2023ರಲ್ಲಿ ಹುಡ್‌ನ (ಬಾನೆಟ್) ಗಾಳಿಕಿಂಡಿ ತಿದ್ದಿದ್ದಕ್ಕೆ ಹೆಂಡ್ರಿಕ್ ತಂಡದ ನಾಲ್ಕು ಕಾರಿಗೂ ತಲಾ 100 ಅಂಕ ಕಡಿತ ಬಿದ್ದಿತ್ತು. ಸಮಿತಿ ದಂಡ, ನಿಷೇಧ ಉಳಿಸಿ ಅಂಕಗಳನ್ನೆಲ್ಲ ಮರಳಿಸಿತು, ಕಾರಣ ವಿವರಿಸಲಿಲ್ಲ. ಕೂಡಲೇ ನಾಸ್ಕಾರ್ ನಿಯಮ ತಿದ್ದಿತು: ತಪ್ಪು ಸಾಬೀತಾದರೆ ಪುಸ್ತಕದಲ್ಲಿರುವ ಕನಿಷ್ಠ ಶಿಕ್ಷೆಗಿಂತ ಕೆಳಗೆ ಇಳಿಸುವಂತಿಲ್ಲ. 2024ರಲ್ಲಿ ಡಿಲನ್ ಎರಡೂ ಹಂತದಲ್ಲಿ ಸೋತರು, ಅವರ ಸ್ಪಾಟರ್‌ನ ನಿಷೇಧ ಮಾತ್ರ ಮೂರು ಓಟದಿಂದ ಒಂದಕ್ಕೆ ಇಳಿಯಿತು.